ಕುಂಕುಮವಿಲ್ಲದ ಡಿಸ್ಕ್

ಕಪ್ಪು ಪರದೆಯ ಎಡಮೂಲೆಯಲ್ಲಿ ‘ಗ್ರಬ್’ ಎಂಬ ಒಂದೇ ಪದ ಮೂಡಿತು, ಕಂಪ್ಯೂಟರನ್ನು ಎಬ್ಬಿಸುವ ಪ್ರೋಗ್ರಾಮಿನ ಹೆಸರು. ಅದರ ಮುಂದೆ ಬಿಳಿ ಗೆರೆಯೊಂದು ಮಿಣಮಿಣ ಅನ್ನುತ್ತ ನಿಂತೇಬಿಟ್ಟಿತು.

“ಆಯ್ತಲ್ಲ ಮೇಡಂ?” ಓಂಕಾರ್ ಕೈಕಟ್ಟಿ ಗೋಡೆಗೆ ಒರಗಿದ. ಕಾರ್ಖಾನೆಯ ಕಂಪ್ಯೂಟರುಗಳನ್ನೆಲ್ಲ ನೋಡಿಕೊಳ್ಳುವವನು ಅವನೇ. “ಎರಡೂ ಡಿಸ್ಕ್ ಸತ್ತಿವೆ ಅಂತ ಮೊದಲೇ ಬರೆದುಕೊಟ್ಟಿದ್ದೇನೆ. ಹೆಣದ ನಾಡಿ ಎಷ್ಟು ಸಲ ಹಿಡಿದು ನೋಡ್ತೀರಿ?”

“ಹೆಣ ಮಾತಾಡೂದಿಲ್ರಿ ಓಂಕಾರ್. ಇದು ಒಂದು ಮಾತು ಆಡಿ ಬಾಯಿ ಮುಚ್ಚಿಕೊಂಡೈತಿ,” ಎಂದಳು ಸುಮೇಧಾ. “ಯಾಕ ಮುಚ್ಚಿಕೊಂಡ್ತು ಅಂತ ಕೇಳಾಕತ್ತೇನಿ, ಅಷ್ಟ.”

ಹೊಸ್ತಿಲ ಮೇಲೆ ಕೂತಿದ್ದ ಹುಲಿಗೆಮ್ಮ ಕತ್ತೆತ್ತಿದಳು. “ಜೀಂವ ಐತೇನ್ರಿ ಬಾಯಾರ?”

“ಕಿವಿಗೊಟ್ಟು ಕೇಳು. ಗರ್ ಅನ್ನಾಕತ್ತೈತಿ. ಸತ್ತ ಡಿಸ್ಕ್ ಹಿಂಗ ತಿರಗೂದಿಲ್ಲ.”

ಗೋವಾದ ಕುಂಕಳ್ಳಿಯ ಆ ತಾಮ್ರದ ತಂತಿ ಕಾರ್ಖಾನೆಯ ಗೇಟಿನ ಕೋಣೆ, ಒಂದು ಚಕ್ಕಡಿ ಒಳಗೆ ಬಂದರೆ ಎತ್ತು ಹೊರಗೇ ನಿಲ್ಲಬೇಕು, ಅಷ್ಟೇ ದೊಡ್ಡದು. ಕಿಟಕಿಯಾಚೆ ಕೆಂಪು ಬಿಳಿ ಬಣ್ಣದ ಅಡ್ಡಕಂಬ. ಅದು ಎದ್ದಾಗಲೆಲ್ಲ ಮೇಲಿನ ಕ್ಯಾಮೆರಾ ಒಂದು ಚಿತ್ರ ತೆಗೆದು ಈ ಕಂಪ್ಯೂಟರಿಗೆ ಕೊಡಬೇಕು. ದೀಪಾವಳಿಯ ಹಿಂದಿನ ದಿನ, ನರಕಾಸುರನನ್ನು ಸುಡುವ ರಾತ್ರಿಯೂ ಕೊಟ್ಟಿರಲೇಬೇಕು. ಆದರೆ ಮರುದಿನ ಗೋದಾಮಿನಲ್ಲಿ ತಾಮ್ರದ ಸುರುಳಿಗಳು ರಾಶಿಗಟ್ಟಲೆ ಇಲ್ಲ. ವಾಚ್‌ಮನ್ ಅಮೀನಪ್ಪ ಪೊಲೀಸರ ವಶದಲ್ಲಿ. ಕಂಪ್ಯೂಟರು ಅದೇ ಬೆಳಗಿನಿಂದ ಮೂಕ.

ನಾಳೆ ಅಮೀನಪ್ಪನನ್ನು ಮಡಗಾಂವಿನ ಕೋರ್ಟಿಗೆ ಒಯ್ಯುತ್ತಾರೆ. ಗೇಟು ತೆಗೆದವನು ತಾನಲ್ಲ ಎಂದು ಅವನು ಹೇಳಿದ್ದನ್ನು ನಂಬಿದವರು ಇಬ್ಬರೇ. ಒಬ್ಬಳು ಅವನ ಹೆಂಡತಿ ಹುಲಿಗೆಮ್ಮ. ಇನ್ನೊಬ್ಬಳು ವಿಮೆ ಕಂಪನಿಯ ಪರವಾಗಿ ನಷ್ಟದ ತನಿಖೆಗೆಂದು ವಾಸ್ಕೋದಿಂದ ಬಂದ ಈ ಸುಮೇಧಾ.

ಸುಮೇಧಾ ಧಾರವಾಡದ ಕಡೆಯ ಒಕ್ಕಲುತನದ ಮನೆಯವಳು. ಕುಂಟುವ ಎತ್ತನ್ನು ಅವಳ ಅಪ್ಪ ಎಂದೂ ಬಡಿದವನಲ್ಲ. ಒಂದೊಂದೇ ಕಾಲನ್ನು ತೊಡೆಯ ಮೇಲೆ ಎತ್ತಿಟ್ಟುಕೊಂಡು, ಗೊರಸಿನ ಸಂದಿನಲ್ಲಿ ಮುಳ್ಳು ಹುಡುಕುತ್ತಿದ್ದ. ಮಗಳ ಕೆಲಸದ ರೀತಿಯೂ ಅದೇ. ಅವಳು ಯಂತ್ರ ಆರಿಸಿ, ಪ್ಲಗ್ ಕಿತ್ತು, ಡಬ್ಬಿಯ ಪಕ್ಕದ ತಗಡು ಬಿಚ್ಚಿದಳು.

ಅಷ್ಟರಲ್ಲಿ ಸಂಗಣ್ಣ ಚಹಾದ ಕಿಟ್ಲಿ ಹಿಡಿದು ಬಂದ. ಹುಲಿಗೆಮ್ಮನ ಒಡಹುಟ್ಟಿದ ಅಣ್ಣ. ಕುಂಕಳ್ಳಿ ಬಸ್ ಸ್ಟ್ಯಾಂಡಿನಲ್ಲಿ ಮೋಟರ್‌ಸೈಕಲ್ ಪಾಯ್ಲಟ್, ಬಾಡಿಗೆಗೆ ಜನರನ್ನು ಹಿಂದೆ ಕೂರಿಸಿಕೊಂಡು ಒಯ್ಯುವವನು. ತಂಗಿಯನ್ನೂ ಭಾವನನ್ನೂ ಗೋವಾಕ್ಕೆ ಕರೆತಂದು ಈ ಕೆಲಸಕ್ಕೆ ಹಚ್ಚಿದವನು ಅವನೇ. ಬೆಳಿಗ್ಗೆ ಸುಮೇಧಾಳನ್ನು ಬಸ್ಸಿನಿಂದ ಇಳಿಸಿಕೊಂಡು ಬಂದವನೂ ಅವನೇ.

“ಅಕ್ಕಾರ, ಡಬ್ಬಿ ಎದ್ದಿತೇನ್ರಿ?”

“ಇಲ್ಲೋ ಮಾರಾಯ. ಹೊಟ್ಟಿ ಬಿಚ್ಚೇನಿ.”

“ಬಿಚ್ಚೂದು ಯಾರರೆ ಬಿಚ್ತಾರ್ರಿ, ಹೊಲಿಯೂದು ನಮ್ಮ ತಂಗಿಗೆ ಹೇಳ್ರಿ,” ಎಂದು ಅವನು ನಕ್ಕ. “ನನ್ನ ಗಾಡಿ ಗಾದಿ ನೋಡಿದ್ರಲ್ಲ? ಇಡೀ ಗೋವಾದಾಗ ಯಾ ಪಾಯ್ಲಟ್‌ಗೂ ಅಂಥಾ ಸೀಟಿಲ್ಲ.”

ನಿಜವೇ. ಅವನ ಗಾಡಿಯ ಸೀಟಿಗೆ ಹುಲಿಗೆಮ್ಮ ಒಂದು ಪುಟ್ಟ ಕೌದಿಯನ್ನೇ ಹೊಲಿದು ಹೊದಿಸಿದ್ದಳು. ಹಳೆಯ ಲಂಗ, ಅಂಗಿ, ದೋತರಗಳ ತುಂಡು. ನಟ್ಟ ನಡುವೆ ಅವಳ ಮದುವೆಯ ಇಳಕಲ್ ಸೀರೆಯ ಸೆರಗು, ಕೋಟೆಯ ತೆನೆಯ ಹಾಗೆ ಬಿಳಿ ಹಲ್ಲು ಹಲ್ಲಾಗಿ. ಅಷ್ಟು ದೂರ ಕೂತು ಬಂದರೂ ಸುಮೇಧಾಳ ಸೊಂಟ ನೋಯಲಿಲ್ಲ.

“ಅಣ್ಣಾ, ನಿಂದು ಹೊಗಳಿಕಿ ಸಾಕು. ಬಾಯಾರಿಗೆ ಬೆಳಕು ಅಡ್ಡಾಗ್ತೀ, ಸರಿ ಅತ್ಲಾಗ,” ಎಂದಳು ಹುಲಿಗೆಮ್ಮ. ಅವನು ಹೊರಗೆ ಗೇರುಮರದ ನೆರಳಿಗೆ ಹೋಗಿ, ಗಾಡಿಯ ಮೇಲೆ ಕಾಲು ಚಾಚಿದ.

ಡಬ್ಬಿಯೊಳಗೆ ಎರಡು ಡಿಸ್ಕ್, ಒಂದರ ಮೇಲೊಂದು. ಸುಮೇಧಾ ಟಾರ್ಚ್ ಬಿಟ್ಟಳು. ಹುಲಿಗೆಮ್ಮ ಮೊಣಕಾಲ ಮೇಲೆ ಸರಿದು ಬಂದು ಇಣುಕಿದಳು.

“ಬಾಯಾರ, ಮ್ಯಾಲಿಂದಕ್ಕ ಕುಂಕಮ ಯಾರು ಒರಸ್ಯಾರ್ರಿ?”

“ಏನು?”

“ದಸರಾ ಖಂಡೇಪೂಜಿ ದಿವಸ ಇದರ ಹೊಟ್ಟಿಯೊಳಗಿನ ಧೂಳಾ ಎಲ್ಲಾ ನಮ್ಮ ಮನಿಯವರು ತಗದ್ರು. ಇವೆರಡಕ್ಕೂ ನಾನ ಭಂಡಾರ ಕುಂಕಮ ಹಚ್ಚೇನಿ. ಕೆಳಗಿನದಕ್ಕ ಐತಿ ನೋಡ್ರಿ. ಮ್ಯಾಲಿಂದು ಬೋಳ ಐತಿ.”

ಓಂಕಾರ್ ಜೋರಾಗಿ ನಕ್ಕ. “ಮೇಡಂ, ಇನ್ನು ಕಾಯಿ ಒಡೆಯೋಣವಾ?”

ಸುಮೇಧಾ ನಗಲಿಲ್ಲ. ಕೆಳಗಿನ ಡಿಸ್ಕಿನ ಅಂಚಿನಲ್ಲಿ ಅರಿಸಿನದ ಬೊಟ್ಟು, ಅದರ ಮೇಲೆ ಒಣಗಿದ ಕುಂಕುಮ. ಮೇಲಿನದರ ಲೋಹ ಬೋಳಾಗಿತ್ತು. ಅವಳು ಬೆರಳ ತುದಿ ಒದ್ದೆ ಮಾಡಿ ಉಜ್ಜಿ ನೋಡಿದಳು. ಕೆಂಪೂ ಇಲ್ಲ, ಹಳದಿಯೂ ಇಲ್ಲ. ಒರೆಸಿದ ಕುಂಕುಮ ಸಂದಿನಲ್ಲಾದರೂ ಉಳಿಯುತ್ತದೆ.

ಇನ್ನೊಂದನ್ನೂ ಅವಳು ಕಂಡಳು. ಕುಂಕುಮವಿದ್ದ ಕೆಳಗಿನ ಡಿಸ್ಕಿಗೆ ಕೇಬಲ್ಲೇ ಇರಲಿಲ್ಲ. ಕೇಬಲ್ಲಿನ ತುದಿ ಪಕ್ಕದಲ್ಲಿ ಸುಮ್ಮನೆ ಜೋತುಬಿದ್ದಿತ್ತು. ಅದರ ಬಾಯಲ್ಲಿ ಧೂಳು ತೆಳ್ಳಗೆ ಕೂತಿತ್ತು. ನಿನ್ನೆ ಮೊನ್ನೆ ಕಿತ್ತದ್ದಲ್ಲ.

“ಪೂಜಿ ಆದಮ್ಯಾಲೆ ಇದನ್ನ ಯಾವಾಗ ಚಾಲೂ ಮಾಡಿದ್ರಿ ಹುಲಿಗೆಮ್ಮಾ?”

“ಅವತ್ತು ಹೆಂಗ ಮಾಡ್ತಾರ್ರಿ? ಪೂಜಿ ಮಾಡಿದ ಸಾಮಾನ ಅವತ್ತು ಮುಟ್ಟಬಾರದು. ಮರದಿವಸ ಮುಂಜಾನೆ ಗುಂಡಿ ಒತ್ತಿದ್ರು, ಹತ್ತಿತು.”

ಹತ್ತಿತು. ಅದೇ ಆದ ಮೋಸ ಎಂದುಕೊಂಡಳು ಸುಮೇಧಾ. ಧೂಳು ಒರೆಸುವಾಗ ಕೇಬಲ್ ಸಡಿಲಾಗಿದೆ. ಅವತ್ತೇ ಚಾಲೂ ಮಾಡಿದ್ದರೆ, ಯಾವ ಕೈ ಎಲ್ಲಿ ತಾಗಿತ್ತೆಂದು ನೆನಪಿರುತ್ತಿತ್ತು. ಒಂದು ದಿನ ದೇವರ ಮುಂದೆ ಸುಮ್ಮನೆ ಕೂತ ಯಂತ್ರ ಮರುದಿನ ಎಂದಿನಂತೆ ಎದ್ದಾಗ, ಒಳಗೆ ನೊಗದ ಒಂದು ಬದಿ ಖಾಲಿಯಿದೆ ಎಂದು ಯಾರಿಗೆ ಹೊಳೆಯಬೇಕು?

“ಇವು ಜೋಡಿ ಡಿಸ್ಕ್,” ಎಂದು ಅವಳು ಹುಲಿಗೆಮ್ಮನಿಗೆ ಹೇಳಿದಳು. “ಸಾಫ್ಟ್‌ವೇರ್ ಇವೆರಡನ್ನೂ ಕೂಡಿಸಿ ಕಟ್ಟಿರತೈತಿ. ಒಂದರಾಗ ಬರದದ್ದನ್ನ ಇನ್ನೊಂದರಾಗೂ ಬರೀತೈತಿ. ಒಂದು ಬಿದ್ರ ಇನ್ನೊಂದು ಎಳೀತೈತಿ. ಹೊರಗಿನವರಿಗೆ ಗೊತ್ತಾಗೂದಿಲ್ಲ.”

“ಹಂಗಾರ ದಸರಾದಿಂದ ದೀಪಾವಳಿ ತನಕ ಒಂದ ಎಳದೈತಿ?”

“ಹೌದು. ಆ ಎಳದದ್ದನ್ನ ಯಾರೋ ಬಿಚ್ಚಿಕೊಂಡು ಹೋಗ್ಯಾರ. ಅದರ ಜಾಗಾದಾಗ ಬ್ಯಾರೆ ಮನಿದು ತಂದು ಕಟ್ಯಾರ.”

ಓಂಕಾರನ ನಗು ಅಲ್ಲಿಗೆ ನಿಂತಿತು.

ಸುಮೇಧಾ ಚೀಲದಿಂದ ಒಂದು ಸಿ.ಡಿ. ತೆಗೆದಳು. ಡಿಸ್ಕಿನ ಹಂಗಿಲ್ಲದೆ ಕಂಪ್ಯೂಟರನ್ನು ಎಬ್ಬಿಸುವ ಸಿ.ಡಿ. ಬೋಳು ಡಿಸ್ಕನ್ನು ಹಾಗೇ ಬಿಟ್ಟು, ಯಂತ್ರವನ್ನು ಸಿ.ಡಿ.ಯಿಂದ ಎಬ್ಬಿಸಿದಳು. ಡ್ರೈವು ಗುರುಗುಟ್ಟಿತು, ನಿಂತಿತು, ಮತ್ತೆ ಗುರುಗುಟ್ಟಿತು. ಕೊನೆಗೆ ಪರದೆಯಲ್ಲಿ ಅಕ್ಷರಗಳು ಸರಸರ ಇಳಿದವು.

ಜೋಡಿ ಕಟ್ಟಿದ ಪ್ರತಿ ಡಿಸ್ಕಿನ ಮೈಯಲ್ಲೂ ಸಾಫ್ಟ್‌ವೇರ್ ಒಂದು ಗುರುತು ಬರೆದಿಡುತ್ತದೆ: ಇದು ಯಾವ ಯಂತ್ರದ ಜೋಡಿ, ಜೊತೆಗಾರರು ಎಷ್ಟು, ಕೊನೆಗೆ ಬರೆದದ್ದು ಯಾವಾಗ. ದನದ ಮೈಗೆ ಮುದ್ರೆ ಒತ್ತಿದ ಹಾಗೆ. ಅವಳು ಆ ಗುರುತನ್ನು ಓದುವ ಆಜ್ಞೆ ಕೊಟ್ಟಳು.

ಓದಿದಳು. ಇನ್ನೊಮ್ಮೆ ಓದಿದಳು. ಯಂತ್ರ ಆರಿಸಿ, ಬೋಳು ಡಿಸ್ಕನ್ನು ಹೊರತೆಗೆದು ಮೇಜಿನ ಮೇಲಿಟ್ಟಳು. ಆ ಕೇಬಲ್ಲಿಗೆ ಮಡಗಾಂವಿನ ಅಂಗಡಿಯಿಂದ ತಂದ ಹೊಸ ಖಾಲಿ ಡಿಸ್ಕ್ ಸಿಕ್ಕಿಸಿದಳು. ಜೋತುಬಿದ್ದ ಕೇಬಲ್ಲಿನ ಧೂಳು ಊದಿ, ಕುಂಕುಮದ ಡಿಸ್ಕಿಗೆ ಗಟ್ಟಿಯಾಗಿ ಒತ್ತಿದಳು.

ಈ ಸಲ ಕುಂಕುಮದ ಡಿಸ್ಕಿನ ಗುರುತು ಬಂತು. ಹೆಸರು: ಗಂಗಾವಳಿ. ಕೊನೆಗೆ ಬರೆದದ್ದು: ಖಂಡೇಪೂಜೆಯ ಬೆಳಿಗ್ಗೆ. ಜೊತೆಗಾರ: ಇದ್ದಾನೆ, ಕ್ಷೇಮ.

ಪೂಜೆಯ ಹೊತ್ತಿಗೆ ಆರಿಸಿದಾಗ ಎರಡೂ ಒಟ್ಟಿಗೇ ಇದ್ದವು. ಆಮೇಲೆ ಏನಾಯಿತೆಂದು ಇದಕ್ಕೆ ತಿಳಿಯದು. ಇದರ ನೆನಪಿನಲ್ಲಿ ಜೊತೆಗಾರ ಇನ್ನೂ ಪಕ್ಕದಲ್ಲೇ ಇದ್ದ.

“ನಕಲು ಮಾಡ್ತೀರಾ?” ಓಂಕಾರ್ ಕೇಳಿದ. “ಸುಮ್ಮನೆ ಹೊತ್ತು ಹಾಳು. ದಸರೆಯ ಆಚೆಗಿನದು ಅದರಲ್ಲಿ ಇಲ್ಲ. ನರಕಾಸುರನ ರಾತ್ರಿಯ ಚಿತ್ರ ಎಲ್ಲಿಂದ ಬರ್ತದೆ? ಮೇಲಾಗಿ, ನಕಲಿನಲ್ಲಿ ಯಾರು ಏನು ಬೇಕಾದರೂ ಸೇರಿಸಬಹುದು ಅಂತ ಮ್ಯಾನೇಜರ್ ಇನಾಮದಾರ್ ಸಾಹೇಬರ ವಕೀಲ ಹೇಳ್ತಾನೆ. ಅಸಲು ತೋರಿಸಿ ಅಂತಾನೆ.”

“ಅದಕ್ಕ ಅಸಲನ್ನ ಮುಟ್ಟೂದಿಲ್ಲ. ನಕಲಿನ ಮ್ಯಾಲೆ ಏನು ಮಾಡೂದು ಮಾಡ್ತೇನಿ.”

ನಕಲು ಶುರುವಾಯಿತು. ತಾಸಿಗೂ ಮಿಕ್ಕಿ ಹಿಡಿಯುವ ಕೆಲಸ. ಸುಮೇಧಾ ಆರಿದ ಚಹಾ ಕುಡಿದು, ಲೋಟ ಕೆಳಗಿಟ್ಟು, ಮೇಜಿನ ಮೇಲಿದ್ದ ಬೋಳು ಡಿಸ್ಕನ್ನು ಓಂಕಾರನ ಕಡೆಗೆ ಮೆಲ್ಲಗೆ ಸರಿಸಿದಳು.

“ಕೂಡ್ರಿ ಓಂಕಾರ್. ನಿಮ್ಮೂರು ಕಾರವಾರ, ಹೌದಿಲ್ರಿ?”

“ಸದಾಶಿವಗಡ. ಯಾಕೆ?”

“ಇಲ್ಲಿಯ ಮಷಿನ್‌ಗಳಿಗೆ ನದಿ ಹೆಸರು ಇಟ್ಟವರು ನೀವ. ಗೇಟಿಂದು ಗಂಗಾವಳಿ. ಆಫೀಸಿಂದು ಕಾಳಿ. ಗೋದಾಮಿಂದು ಅಘನಾಶಿನಿ. ಚಲೋ ಹೆಸರು.”

“ಊರಿನ ನೆನಪಿಗೆ ಇಟ್ಟೆ. ತಪ್ಪಾ?”

“ಶರಾವತಿ ಎಲ್ಲಿ ಹರೀತೈತ್ರಿ?”

ಓಂಕಾರ್ ಕುರ್ಚಿಯ ತುದಿಗೆ ಬಂದ. “ಹೊನ್ನಾವರದಲ್ಲಿ.”

“ಈ ಕಾರ್ಖಾನ್ಯಾಗ ಎಲ್ಲಿ ಹರೀತಿತ್ತು ಅಂತ ಕೇಳಿದೆ.”

ಹೊರಗೆ ಒಂದು ಲಾರಿ ಹಾರ್ನ್ ಮಾಡಿತು. ಹಗಲಿನ ವಾಚ್‌ಮನ್ ಭರಮಪ್ಪ ಅಡ್ಡಕಂಬದ ಹಗ್ಗ ಎಳೆದು ಬಿಟ್ಟ. ಓಂಕಾರ್ ಆ ಲಾರಿ ಒಳಗೆ ಹೋಗಿ ಮರೆಯಾಗುವವರೆಗೂ ನೋಡುತ್ತಲೇ ಇದ್ದ.

“ಈ ಬೋಳು ಡಿಸ್ಕಿನ ಮೈಮ್ಯಾಲೆ ಆ ಹೆಸರು ಐತಿ,” ಎಂದಳು ಸುಮೇಧಾ. “ಕೊನೀಗೆ ಬರದದ್ದು ಹ್ವಾದ ವರ್ಷದ ಮಳಿಗಾಲದಾಗ. ಇದು ಗೇಟಿನ ಮಷಿನ್‌ದಾಗ ಹುಟ್ಟಿದ್ದಲ್ಲ, ಬೆಳದದ್ದಲ್ಲ. ಇದರಾಗಿನ ‘ಗ್ರಬ್’ಗೆ ಮುಂದಿನ ದಾರಿ ಸಿಗಲಿಲ್ಲ, ನಿಂತುಬಿಡ್ತು. ಇಷ್ಟ ರೋಗ. ನೀವು ಎರಡೂ ಸತ್ತಾವು ಅಂತ ಬರದಿರಿ.”

“ಶರಾವತಿ... ಲಾರಿ ತೂಕ ಮಾಡುವ ಕಾಟಾದ ಮಷಿನ್,” ಓಂಕಾರನ ದನಿ ಇಳಿಯಿತು. “ಹೋದ ವರ್ಷ ಗುಜರಿಗೆ ಹಾಕಿದೆವು. ಡಿಸ್ಕ್ ಮಾತ್ರ ಬಿಚ್ಚಿ ಇನಾಮದಾರ್ ಸಾಹೇಬರ ಕಪಾಟಿನಲ್ಲಿ ಇಟ್ಟಿದ್ದೆ.”

“ಕೀಲಿ?”

“ಒಂದು ಸಾಹೇಬರ ಹತ್ತಿರ. ಇನ್ನೊಂದು...” ಅವನು ಗೋಡೆಯ ಕಡೆ ನೋಡಿದ. ಸುಮೇಧಾಳ ತಲೆಯ ಮೇಲೆಯೇ ಒಂದು ಗೂಟ, ಅದರಲ್ಲಿ ಕೀಲಿಗಳ ಗೊಂಚಲು. “ಇಲ್ಲೇ. ರಾತ್ರಿ ವಾಚ್‌ಮನ್ ಆಫೀಸು ಮುಚ್ಚಬೇಕಲ್ಲ.”

ಹುಲಿಗೆಮ್ಮ ದಡಕ್ಕನೆ ಎದ್ದಳು. “ಅಂದ್ರ? ನಮ್ಮ ಮನಿಯವರ ಮಾಡ್ಯಾರ ಅಂತೀಯೇನು ತಮ್ಮಾ? ಎಂಟ್ ದಿನಕ್ಕೊಮ್ಮೆ ನನ್ನ ಮನಿ ಜುಣಕಾ ರೊಟ್ಟಿ ತಿಂದು ಹೋಗತಿದ್ದೆಲ್ಲ, ಆವಾಗ ಅವರು ಕಳ್ಳರಂಗ ಕಾಣಲಿಲ್ಲೇನು?”

“ನಾನು ಹಾಗೆ ಹೇಳಲಿಲ್ಲ ಅಕ್ಕಾ...”

“ಹೇಳಬ್ಯಾಡ. ಬರದಿದೀ. ಬರದದ್ದು ನಾಳೆ ಕೋರ್ಟಿನ್ಯಾಗ ಓದ್ತಾರ.”

ಓಂಕಾರ್ ಮುಖ ಒರೆಸಿಕೊಂಡ. ಅವನ ಪ್ಯಾಂಟಿನ ಇಸ್ತ್ರಿ, ಜೇಬಿನ ಪೆನ್ನು, ಬೆಳಗಿನಿಂದ ಆಡಿದ ಹಾಸ್ಯ ಎಲ್ಲ ಇದ್ದಕ್ಕಿದ್ದಂತೆ ಅವನಿಗೇ ಭಾರವಾದಂತೆ ಕಂಡವು.

“ದೇವರಾಣೆ, ಡಿಸ್ಕ್ ಬದಲು ಮಾಡಿದ್ದು ನಾನಲ್ಲ ಮೇಡಂ. ಬದಲಾಗಿದೆ ಅಂತಲೂ ಗೊತ್ತಾಗಲಿಲ್ಲ. ಎರಡೂ ಒಂದೇ ಕಂಪನಿಯವು, ನೋಡಲಿಕ್ಕೆ ಒಂದೇ. ದೀಪಾವಳಿ ಬೆಳಿಗ್ಗೆ ತಗಡು ಬಿಚ್ಚಿದೆ. ಕೆಳಗಿನ ಕೇಬಲ್ ಬಿಟ್ಟಿದ್ದು ಕಂಡಿತು. ಜೋಡಿ ಮುರಿದರೆ ಯಂತ್ರ ಎಚ್ಚರಿಕೆಯ ಮೇಲ್ ಕಳಿಸ್ತದೆ. ಯಾರಿಗೆ ಕಳಿಸಬೇಕು ಅಂತ ವಿಳಾಸ ಹಾಕೋದನ್ನೇ ನಾನು ಬಿಟ್ಟಿದ್ದೆ. ಬೂಟ್ ಮಾಡುವ, ಅಂದರೆ ಯಂತ್ರ ಎಬ್ಬಿಸುವ ‘ಗ್ರಬ್’ ತುಣುಕನ್ನೂ ಮೇಲಿನ ಒಂದಕ್ಕೇ ಹಾಕಿದ್ದೆ, ಕೆಳಗಿನದಕ್ಕೆ ಹಾಕಿರಲಿಲ್ಲ. ಇದೆಲ್ಲ ಬರೆದರೆ ನನ್ನ ಕೆಲಸ ಉಳಿಯುತ್ತದಾ? ಎರಡೂ ಸತ್ತಿವೆ ಅಂದರೆ ಯಾರೂ ಬಿಚ್ಚಿ ನೋಡೋದಿಲ್ಲ ಅಂತ...”

“ನೀವು ನಿಮ್ಮ ಕೆಲಸ ಉಳಿಸಿಕೊಂಡ್ರಿ. ಇಕಿ ಗಂಡ ಒಳಗ ಹ್ವಾದ.”

ಡಬ್ಬಿಯೊಳಗೆ ಎರಡು ಡಿಸ್ಕುಗಳ ಗರಗರ ಒಂದೇ ಸಮನೆ ನಡೆದಿತ್ತು.

“ನಿಮ್ಮ ಬರಹ ವಾಪಸ್ ತಗೋರಿ,” ಎಂದಳು ಸುಮೇಧಾ. “ನೋಡಿದ್ದನ್ನ ಬರೀರಿ. ಈಗ ಅಲ್ಲ. ಈಗ ಇದನ್ನ ಎಬ್ಬಸೂದಕ್ಕ ನನಗ ನಿಮ್ಮ ಕೈ ಬೇಕು. ಕಟ್ಟಿದವರು ನೀವು, ಗಂಟು ಎಲ್ಲೆಲ್ಲಿ ಐತಿ ನಿಮ್ಗ ಗೊತ್ತು.”

ಓಂಕಾರ್ ಕುರ್ಚಿಯನ್ನು ಕೀಬೋರ್ಡಿನ ಹತ್ತಿರ ಎಳೆದುಕೊಂಡ.

ನಕಲು ಮುಗಿದಾಗ ಮಧ್ಯಾಹ್ನದ ಪಾಳಿಯ ಸೈರನ್ ಕೂಗುತ್ತಿತ್ತು. ಸುಮೇಧಾ ಕುಂಕುಮದ ಅಸಲು ಡಿಸ್ಕನ್ನು ಬಿಚ್ಚಿ, ಕಾಗದದಲ್ಲಿ ಸುತ್ತಿ, ಅರಗು ಒತ್ತಿ, ಮೇಲೆ ಓಂಕಾರನ ಸಹಿಯನ್ನೂ ತನ್ನ ಸಹಿಯನ್ನೂ ಹಾಕಿದಳು. ಅಸಲು ಮತ್ತು ನಕಲು ಒಂದೇ ಸೂರಿನಡಿ ಇರಬಾರದು ಎಂಬುದು ಅವಳ ಕಟ್ಟುನಿಟ್ಟು. ಕರೆಂಟು ಹೆಚ್ಚುಕಡಿಮೆಯಾಗಿ ಎರಡೂ ಒಟ್ಟಿಗೆ ಸುಟ್ಟದ್ದನ್ನು ಅವಳು ಹಿಂದೆ ಕಣ್ಣಾರೆ ಕಂಡಿದ್ದಳು. ಆಫೀಸಿಗೆ ಕೊಡುವ ಹಾಗಿಲ್ಲ, ಅಲ್ಲಿ ಇನಾಮದಾರನಿದ್ದಾನೆ. ಓಂಕಾರನ ಕೈಗೆ ಕೊಡಲು ಇನ್ನೂ ಮನಸ್ಸಿಲ್ಲ.

“ಸಂಗಣ್ಣಾ, ಇದನ್ನ ನಿನ್ನ ಗಾಡಿ ಡಿಕ್ಕಿಯೊಳಗಿಟ್ಟು ಕೀಲಿ ಹಾಕು. ನಾ ಕೇಳೂತನಕ ತೆಗೀಬ್ಯಾಡ. ನನ್ನ ಕಣ್ಣ ಮುಂದ ಇರು.”

“ನನ್ನ ಜೀಂವ ಹೋದರೂ ಇದು ಹೋಗೂದಿಲ್ಲ ಅಕ್ಕಾರ,” ಎಂದು ಅವನು ಎರಡೂ ಕೈಯಲ್ಲಿ ಈಸಿಕೊಂಡ. ಸೀಟಿನ ಪಕ್ಕದ ಡಿಕ್ಕಿಯ ಕೀಲಿ ತಿರುವಿ, ಕಿಟಕಿಗೆ ಎದುರಾಗಿ ಗೇರುಮರದ ಕೆಳಗೆ ಕೂತ.

ನಕಲಿನಿಂದ ಯಂತ್ರ ಎಬ್ಬಿಸಿದರು. ಬೂಟ್ ಮಾಡುವ ಡಿಸ್ಕ್ ಇಲ್ಲ ಎಂದು ಪರದೆ ಹೇಳಿತು.

“ಇದು ನನ್ನ ತಪ್ಪು,” ಎಂದ ಓಂಕಾರ್. ಸಿ.ಡಿ. ಹಾಕಿ, ತಾನು ಅಂದು ಬಿಟ್ಟಿದ್ದ ಆ ಪುಟ್ಟ ತುಣುಕನ್ನು ನಕಲಿನ ತಲೆಗೆ ಬರೆದ. ಮತ್ತೆ ಗುಂಡಿ ಒತ್ತಿದ.

‘ಗ್ರಬ್’ ಬಂತು. ಈ ಸಲ ನಿಲ್ಲಲಿಲ್ಲ. ಅಕ್ಷರಗಳು ಇಳಿದವು, ಇಳಿದವು, ಮತ್ತೆ ನಿಂತವು. ಇಂಗ್ಲಿಷಿನಲ್ಲಿ ಒಂದು ಪ್ರಶ್ನೆ.

“ಏನ್ ಕೇಳ್ತೈತ್ರಿ?” ಹುಲಿಗೆಮ್ಮ ಸುಮೇಧಾಳ ಹೆಗಲ ಹಿಂದೆ ಬಂದು ನಿಂತಿದ್ದಳು.

“ಜೋಡಿ ಮುರದೈತಿ, ಒಂಟಿಲೇ ಹೊರಡ್ಲೇನು ಅಂತ ಕೇಳ್ತೈತಿ.”

“ಬೇಗ ಹೇಳಿ ಮೇಡಂ,” ಎಂದ ಓಂಕಾರ್. “ನಾವು ಸುಮ್ಮನಿದ್ದರೆ ಬೇಡ ಅಂತಲೇ ತಿಳಿದುಕೊಳ್ತದೆ.”

“ಹೂಂ ಅನ್ರಿ,” ಎಂದಳು ಹುಲಿಗೆಮ್ಮ.

ಸುಮೇಧಾ ಹೂಂ ಅಂದಳು.

ಗಂಗಾವಳಿ ಎದ್ದಿತು. ಕ್ಯಾಮೆರಾದ ಪ್ರೋಗ್ರಾಂ ತಾನಾಗಿಯೇ ತೆರೆದುಕೊಂಡಿತು. ಎಡಗಡೆ ದಿನಾಂಕಗಳ ಸಾಲು, ದಸರೆಗೆ ಮುಗಿದಿತ್ತು. ಓಂಕಾರ್ ಮಗುವಿನ ಹಾಗೆ ಚಪ್ಪಾಳೆ ತಟ್ಟಿ, ತಟ್ಟಿದ್ದಕ್ಕೆ ನಾಚಿದ.

“ಆದರೆ ನರಕಾಸುರನ ರಾತ್ರಿ ಇಲ್ಲವಲ್ಲ ಮೇಡಂ.”

“ಒಂದ ರಾತ್ರಿಯೊಳಗ ಅಷ್ಟು ತಾಮ್ರ ಹ್ವಾತು ಅಂತ ಇನಾಮದಾರ್ ಹೇಳಿದ್ರು, ನಾ ಹೇಳಿಲ್ಲ,” ಎಂದಳು ಸುಮೇಧಾ. “ಗೋದಾಮು ಎಣಿಸಿದ್ದು ದೀಪಾವಳಿಗೆ. ಅದಕ್ಕೂ ಮೊದಲ ಎಣಿಸಿದ್ದು ಮಳಿಗಾಲಕ್ಕೂ ಮುಂಚೆ. ಅಷ್ಟು ಮಾಲು ಒಯ್ಯಾಂವ ಒಮ್ಮೆ ಬಂದು ಹೋಗೂದಿಲ್ಲ. ಕಾರ್ಖಾನಿ ಪೂರಾ ಖಾಲಿ ಇರೂ ರಾತ್ರಿ ಯಾವ್ಯಾವು?”

ಓಂಕಾರನಿಗೆ ತಟ್ಟನೆ ಹೊಳೆಯಿತು. “ಗಣೇಶ ಚೌತಿ! ಗೋವಾದವರೆಲ್ಲ ಹಬ್ಬಕ್ಕೆ ಮನೆಗೆ ಹೋಗಿರ್ತಾರೆ, ಒಬ್ಬರೂ ಇರೋದಿಲ್ಲ.”

ಅವನು ಚೌತಿಯ ದಿನಾಂಕ ಒತ್ತಿದ. ಹಗಲಿಗೆ ನಾಲ್ಕಾರು ಚಿತ್ರ. ರಾತ್ರಿಗೆ ಒಂದೇ ಒಂದು.

ಹಳೆಯ ಯಂತ್ರ, ಚಿತ್ರ ಮೇಲಿನಿಂದ ಕೆಳಕ್ಕೆ ಸಾಲುಸಾಲಾಗಿ, ಬಾವಿಯಿಂದ ಕೊಡ ಮೇಲೆ ಬಂದ ಹಾಗೆ ನಿಧಾನವಾಗಿ ಬಿಚ್ಚಿಕೊಳ್ಳತೊಡಗಿತು. ಮೊದಲು ಎತ್ತಿದ ಅಡ್ಡಕಂಬ. ಆಮೇಲೆ ತಾಡಪತ್ರೆ ಬಿಗಿದ ಒಂದು ಟೆಂಪೋದ ತಲೆ. ಅದರ ಪಕ್ಕ, ಕಂಬದ ಹಗ್ಗ ಹಿಡಿದು ನಿಂತ ಒಬ್ಬ ಮನುಷ್ಯ. ಟೊಪ್ಪಿಗೆಯಿದ್ದ ಮಳೆಯಂಗಿ, ಕ್ಯಾಮೆರಾಕ್ಕೆ ಬೆನ್ನು.

“ಅವರಲ್ರಿ!” ಹುಲಿಗೆಮ್ಮ ಕೂಗಿಯೇಬಿಟ್ಟಳು. “ಬಾಯಾರ, ಅವರು ಅಲ್ಲವಽ ಅಲ್ಲ! ಚೌತಿಗೆ ನಾವಿಬ್ಬರೂ ಊರಾಗ ಇದ್ವಿ, ಅವರ ಅಣ್ಣನ ಬಸುರಿ ಮಗಳ ಕುಬಸಕ್ಕ. ಇಡೀ ಓಣಿ ಹೇಳ್ತೈತಿ. ನನ್ನ ಗಂಡ ಗೇಟಿನ್ಯಾಗ ಇರಲಽ ಇಲ್ರಿ!”

“ಹಾಜರಿಯೊಳಗ ಅವತ್ತು ಅಮೀನಪ್ಪನ ಹೆಸರ ಐತಿ.”

“ಬದ್ಲಿ ನಿಲ್ಲಿಸಿ ಹೋಗಿದ್ರು. ಬದ್ಲಿ ನಿಂತವರ ಹೆಸರು ಯಾರು ಬರೀತಾರ್ರಿ? ನಮ್ಮ ಮಂದಿಯೊಳಗ ಒಬ್ಬರು ಊರಿಗೆ ಹ್ವಾದ್ರ ಇನ್ನೊಬ್ಬರು ನಿಲ್ಲೂದು. ಆಫೀಸಿಗೆ ಹೇಳಿದ್ರ ಪಗಾರ ಹಿಡೀತಾರ.” ಅವಳು ಸೆರಗಿನಿಂದ ಕಣ್ಣೊರೆಸಿಕೊಂಡು ನಗುತ್ತಿದ್ದಳು. “ನಾಳೆ ಬಿಡ್ತಾರಲ್ರಿ? ಇದನ್ನ ತೋರಿಸಿದ್ರ ಬಿಡಬೇಕಲ್ರಿ?”

“ಬಿಡಬೇಕು. ಬದ್ಲಿ ನಿಂತಾಂವ ಯಾರು?”

“ಅದು...”

ಚಿತ್ರದ ಕೊನೆಯ ಸಾಲುಗಳು ಇಳಿದವು. ಅಡ್ಡಕಂಬದ ಬುಡದಲ್ಲಿ, ದೀಪದ ನೇರ ಕೆಳಗೆ, ಒಂದು ಮೋಟರ್‌ಸೈಕಲ್ ನಿಂತಿತ್ತು. ಮಳೆಗೆ ಒದ್ದೆಯಾದ ಅದರ ಸೀಟಿನ ಮೇಲೆ ತುಂಡು ತುಂಡು ಜೋಡಿಸಿದ ಕೌದಿ. ಚಿತ್ರ ಕಪ್ಪು ಬಿಳುಪು. ಆದರೂ ನಟ್ಟ ನಡುವಿನ ತುಂಡಿನಲ್ಲಿ ಕೋಟೆಯ ತೆನೆಯ ಹಾಗೆ ಬಿಳಿ ಹಲ್ಲುಗಳು ಎಣಿಸುವಷ್ಟು ಸ್ಪಷ್ಟವಾಗಿದ್ದವು.

ಹುಲಿಗೆಮ್ಮನ ಕೈ ಸೆರಗಿನಲ್ಲೇ ನಿಂತಿತು.

ಸುಮೇಧಾ ಪರದೆಗೆ ಬಾಗಿದಳು. ಆ ಹಲ್ಲುಗಳ ಮೇಲೆ ಅವಳು ಬೆಳಿಗ್ಗೆ ಕೂತು ಬಂದಿದ್ದಳು. ಈ ಗೂಟದ ಕೀಲಿ, ಆ ಕಪಾಟು, ಬದಲಿ ಕೂತು, ಚಹಾ ಹಿಡಿದು ಬಂದು ಹೋಗುವವನ ಕೈಗೆ ಎಷ್ಟು ದೂರ? ಅರಗು ಒತ್ತಿದ ಅಸಲು, ತನ್ನ ಕಟ್ಟುನಿಟ್ಟಿನ ಪ್ರಕಾರವೇ, ಅದೇ ಗಾಡಿಯ ಡಿಕ್ಕಿಯಲ್ಲಿತ್ತು.

“ಅಕ್ಕಾರ, ಡಬ್ಬಿ ಎದ್ದಿತೇನ್ರಿ?” ಹೊರಗಿನಿಂದ ಸಂಗಣ್ಣನ ದನಿ.

ಸುಮೇಧಾ ಬಾಯಿ ತೆರೆಯುವ ಮೊದಲೇ ಹುಲಿಗೆಮ್ಮ ಉತ್ತರ ಕೊಟ್ಟಿದ್ದಳು. ದನಿ ಒಂದಿಷ್ಟೂ ನಡುಗಲಿಲ್ಲ.

“ಇಲ್ಲಣ್ಣಾ. ಇನ್ನೂ ಎದ್ದಿಲ್ಲ.”

ಸುಮೇಧಾ ಕಿಟಕಿಯಿಂದ ನೋಡಿದಳು. ಸಂಗಣ್ಣ ಕೋಣೆಯ ಕಡೆಗೆ ನೋಡುತ್ತಿರಲಿಲ್ಲ. ಕತ್ತೆತ್ತಿ ಗೇಟಿನ ಮೇಲೆ ನೋಡುತ್ತಿದ್ದ. ದೀಪಾವಳಿಯಿಂದ ಆರಿದ್ದ ಕ್ಯಾಮೆರಾದ ಕೆಂಪು ದೀಪ ಅಲ್ಲಿ ಹೊತ್ತಿಕೊಂಡಿತ್ತು.

“ಹಂಗಾರ ನಾ ಒಂದು ಭಾಡಾ ಮುಗಿಸಿ ಬರ್ತೇನ್ರಿ ಅಕ್ಕಾರ,” ಎಂದ ಅವನು. “ಸ್ಟ್ಯಾಂಡಿನ್ಯಾಗ ಗಿರಾಕಿ ಕಾಯಾಕತ್ತಾನ.”

ಕಿಕ್ಕು ಒದ್ದ. ಗಾಡಿ ಹತ್ತಲಿಲ್ಲ. ಮತ್ತೊಮ್ಮೆ ಒದ್ದ.

“ಸಂಗಣ್ಣಾ, ನಿಲ್ಲು!” ಸುಮೇಧಾ ಎದ್ದಳು. ಮೇಜು, ಬಿಚ್ಚಿದ ತಗಡು, ಓಂಕಾರನ ಕುರ್ಚಿ, ಎಲ್ಲ ಆ ಇಕ್ಕಟ್ಟಿನಲ್ಲಿ ಅವಳ ಕಾಲಿಗೇ ಅಡ್ಡ ಬಂದವು. ಹುಲಿಗೆಮ್ಮ ಅಷ್ಟರಲ್ಲಿ ಬರಿಗಾಲಲ್ಲಿ ಅಂಗಳ ದಾಟಿದ್ದಳು.

ಗಾಡಿ ಹತ್ತಿತು. ಅವಳು ಅದರ ಮುಂದೆ ನಿಲ್ಲಲಿಲ್ಲ, ಕೂಗಲಿಲ್ಲ, ಕೀಲಿಗೆ ಕೈ ಹಾಕಲಿಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿ, ಅಣ್ಣನ ಹಿಂದೆ, ತಾನೇ ಹೊಲಿದ ಕೌದಿಯ ಮೇಲೆ ಹತ್ತಿ ಕೂತಳು.

“ನಾನೂ ಬರ್ತೇನಿ ಅಣ್ಣಾ. ನಡಿ.”

ಸಂಗಣ್ಣ ತಿರುಗಿ ತಂಗಿಯ ಮುಖ ನೋಡಿದ. ಅಲ್ಲಿ ಏನು ಕಂಡನೋ, ಗಿಯರ್ ಹಾಕಿದ. ಪಾಯ್ಲಟ್ ಗಾಡಿ ದಿನಕ್ಕೆ ಹತ್ತು ಸಲ ಬಂದು ಹೋಗುವುದೇ. ಭರಮಪ್ಪ ಬೀಡಿ ಬಾಯಲ್ಲಿ ಇಟ್ಟುಕೊಂಡೇ ಹಗ್ಗ ಎಳೆದ. ಅಡ್ಡಕಂಬ ಎದ್ದಿತು.

“ಮೇಡಂ,” ಎಂದ ಓಂಕಾರ್, ತಗ್ಗಿದ ದನಿಯಲ್ಲಿ. “ಇಲ್ಲಿ ನೋಡಿ.”

ಗಂಗಾವಳಿ ತನ್ನ ಕೆಲಸ ಮಾಡಿತ್ತು. ದಸರೆಗೆ ಮುಗಿದಿದ್ದ ದಿನಾಂಕಗಳ ಸಾಲಿನ ಕೆಳಗೆ ಹೊಸದೊಂದು ಮೂಡಿ, ಚಿತ್ರ ಸಾಲುಸಾಲಾಗಿ ಇಳಿಯುತ್ತಿತ್ತು. ಎತ್ತಿದ ಅಡ್ಡಕಂಬ. ಬಾಗಿ ಗಾಡಿ ಓಡಿಸುತ್ತಿರುವ ಸಂಗಣ್ಣ. ಅವನ ಹಿಂದೆ ಹುಲಿಗೆಮ್ಮ. ಎಡಗೈ ಅಣ್ಣನ ಹೆಗಲ ಮೇಲೆ, ಬಲಗೈ ಡಿಕ್ಕಿಯ ಚಿಲಕವನ್ನು ಒತ್ತಿ ಹಿಡಿದಿತ್ತು.

ಅವಳ ಕಣ್ಣು ಮಾತ್ರ ಅಣ್ಣನ ಕಡೆಗೂ ಇರಲಿಲ್ಲ, ದಾರಿಯ ಕಡೆಗೂ ಇರಲಿಲ್ಲ. ನೆಟ್ಟಗೆ ಕ್ಯಾಮೆರಾವನ್ನೇ ನೋಡುತ್ತಿತ್ತು.